ಎರಡೇ ತಂಡಗಳ ಲೀಗ್

ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆಗಿನ ಸಿಲಿ ದ್ವೀಪಗಳ ಜನಸಂಖ್ಯೆ 2,000ದ ಆಸುಪಾಸು. ಅಲ್ಲಿನ ಹವ್ಯಾಸಿ ಫುಟ್‌ಬಾಲ್ ಲೀಗಿನಲ್ಲಿ ಇರುವುದು ಎರಡೇ ಕ್ಲಬ್‌: ವೂಲ್‌ಪ್ಯಾಕ್ ವಾಂಡರರ್ಸ್ ಮತ್ತು ಗ್ಯಾರಿಸನ್ ಗನ್ನರ್ಸ್. ಸೇಂಟ್ ಮೇರೀಸ್ ದ್ವೀಪದ ಮೈದಾನದಲ್ಲಿ ಋತುವಿಡೀ ಇವೆರಡೇ ಸೆಣಸುತ್ತವೆ. ಜಗತ್ತಿನ ಅತಿ ಚಿಕ್ಕ ಲೀಗ್ ಎಂದೇ ಇದರ ಖ್ಯಾತಿ.

ಇನ್ನೂ ವಿಶೇಷವೆಂದರೆ, ಋತು ಆರಂಭವಾಗುವ ಮುನ್ನ ಇಬ್ಬರು ನಾಯಕರು ಬಲಾಬಲ ಸರಿದೂಗುವಂತೆ ಆಟಗಾರರನ್ನು ಹಂಚಿಕೊಳ್ಳುತ್ತಾರೆ. ಕಳೆದ ವರ್ಷ ಚೆಂಡು ಪಾಸ್ ಮಾಡಿದವನೇ ಈ ವರ್ಷ ಅಡ್ಡಗಟ್ಟಬಹುದು.

ಹಾಗಾದರೆ ಎದುರಾಳಿ ಎಂಬವನು ಯಾರು?

ಬೆಂಕಿ ಮತ್ತು ಸೌದೆಯ ಸಂಬಂಧವನ್ನು ಪರಿಶೀಲಿಸಿದ ಬೌದ್ಧ ದಾರ್ಶನಿಕ ನಾಗಾರ್ಜುನ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಸ್ವತಂತ್ರ ಅಸ್ತಿತ್ವವಿಲ್ಲ ಎಂದು ವಾದಿಸಿದ. ಸಿಲಿಯಲ್ಲಿ ಈ ಮಾತು ಅಕ್ಷರಶಃ ನಿಜ. ಗನ್ನರ್ಸ್ ಮುಚ್ಚಿದರೆ ವಾಂಡರರ್ಸ್‌ಗೆ ಲೀಗೇ ಇರದು. ಎದುರು ಪಾಳಯ ದುರ್ಬಲವಾಗದಂತೆ ನೋಡಿಕೊಳ್ಳುವುದು ಅಲ್ಲಿ ಔದಾರ್ಯವಲ್ಲ, ಆಟದ ಷರತ್ತು.

ಆದರೂ ಉಡುಪಿಯ ದಾರ್ಶನಿಕ ಮಧ್ವರು ಭೇದವೇ ಸತ್ಯ ಎಂದದ್ದನ್ನು ಇಲ್ಲಿ ಮರೆಯಲಾಗದು. ತೊಂಬತ್ತು ನಿಮಿಷ ಎರಡು ತಂಡಗಳ ನಡುವಿನ ಗೆರೆ ನಿಜವೆಂದು ನಂಬದಿದ್ದರೆ ಯಾರೂ ಬೆವರು ಹರಿಸುವುದಿಲ್ಲ, ಗೋಲಿಗೂ ಅರ್ಥವಿರುವುದಿಲ್ಲ. ಅವಲಂಬನೆ, ಭೇದ ಎರಡನ್ನೂ ಒಟ್ಟಿಗೆ ಬದುಕಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಈ ದ್ವೀಪದವರು ಪ್ರತಿ ಋತುವಿನಲ್ಲೂ ಆಡಿಯೇ ಪರೀಕ್ಷಿಸುತ್ತಿದ್ದಾರೆ.