ಸೋತ ಆಟಗಳ ಪುಸ್ತಕ

ನಮ್ಮ ಶಾಲೆಯ ಮೊಗಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಬರೆದಿದೆ. ಮಳೆಗಾಲದಲ್ಲಿ ಸುಣ್ಣ ಉದುರಿ ಅಕ್ಷರಗಳು ಅರ್ಧಂಬರ್ಧವಾಗಿದ್ದರೂ ಮಕ್ಕಳು ಅಭ್ಯಾಸಬಲದಿಂದ ಸರಿಯಾಗಿಯೇ ಓದುತ್ತಾರೆ. 30 ವರ್ಷದ ಈ ಕೆಲಸದಲ್ಲಿ ನಾನೂ ಆ ಮಾತನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಕಿರುಪರೀಕ್ಷೆಯಲ್ಲಿ ಫೇಲಾದವರಿಗೆ, ಖೋಖೋದಲ್ಲಿ ಸೋತು ಅಳುತ್ತ ಬಂದವರಿಗೆ, ಒಮ್ಮೆ ಪಂಚಾಯಿತಿ ಚುನಾವಣೆಯಲ್ಲಿ ಸೋತ ನನ್ನ ಮೈದುನನಿಗೂ! ಆದರೆ ಆ ಮಾತು ನಿಜವೇ, ನಿಜವಾದರೆ ಎಷ್ಟರಮಟ್ಟಿಗೆ ನಿಜ ಎಂದು ಯೋಚಿಸಿದವಳಲ್ಲ. ಯೋಚಿಸುವ ಪ್ರಸಂಗ ಬಂದದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ಚೆಸ್ ಬೋರ್ಡಿನ ಮುಂದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಬೆಂಗಳೂರಿನಲ್ಲಿದ್ದ ಮಗ ಊರಿಗೆ ಬಂದು ಕೂತ. ಅಟ್ಟದ ಮೇಲಿದ್ದ ತನ್ನ ಹಳೆಯ ಬೋರ್ಡನ್ನು ಇಳಿಸಿ, ಧೂಳು ಕೊಡವಿ, “ಅಮ್ಮ, ಬಾ, ಕಲಿಸ್ತೀನಿ” ಎಂದ. ಕಳೆದುಹೋಗಿದ್ದ ಒಂದು ಕಪ್ಪು ಕಾಲಾಳಿನ ಜಾಗದಲ್ಲಿ ಹುಣಿಸೆ ಬೀಜ ಇಟ್ಟುಕೊಂಡು ನಾನು ಆಟ ಕಲಿತೆ. ಅವನು ‘ರಾಣಿ’ ಎನ್ನುತ್ತಿದ್ದುದನ್ನು ನಮ್ಮ ಕಡೆಯ ಹಿರಿಯರು ‘ಮಂತ್ರಿ’ ಎನ್ನುತ್ತಾರೆ. ಹಳೆಯ ಚದುರಂಗದಲ್ಲಿ ಆ ಮಂತ್ರಿ ಮೂಲೆಯಿಂದ ಮೂಲೆಗೆ ಒಂದೇ ಒಂದು ಮನೆ ನಡೆಯುತ್ತಿದ್ದನಂತೆ. 15ನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ಆ ಕಾಯಿಗೆ, ಅಷ್ಟರಲ್ಲಿ ರಾಣಿಯಾಗಿದ್ದವಳಿಗೆ, ಬೇಕಾದ ದಿಕ್ಕಿಗೆ ಬೇಕಾದಷ್ಟು ದೂರ ಹೋಗುವ ಅಧಿಕಾರ ಬಂತು. ಇದನ್ನು ಓದಿದ ದಿನ ನನಗೆ ಕಾರಣವಿಲ್ಲದೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮಗ ಮರಳಿ ಕೆಲಸಕ್ಕೆ ಹೋದ ಮೇಲೆ ನನಗೆ ಜೊತೆ ಸಿಕ್ಕಿದವರು ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ರಾಯರು. ಭಾನುವಾರ ಸಂಜೆ ಅವರ ಮನೆಯ ಜಗಲಿಯ ಮೇಲೆ ಆಟ. ಅವರ ಮನೆಯವರು ಕಾಫಿ ತಂದಿಟ್ಟು, “ಇವತ್ತಾದರೂ ಇವರನ್ನ ಸೋಲಿಸಿ ಟೀಚರಮ್ಮ, ಜಂಬ ಜಾಸ್ತಿಯಾಗಿದೆ” ಎಂದು ನನ್ನ ಪಕ್ಷ ವಹಿಸುತ್ತಿದ್ದರು. ಪಾಪ, ಅವರ ಹಾರೈಕೆ ಫಲಿಸಲಿಲ್ಲ. ಮೊದಲ ಆರು ತಿಂಗಳು ಒಂದು ಆಟವನ್ನೂ ನಾನು ಗೆಲ್ಲಲಿಲ್ಲ.

ಸೋತಾಗಲೆಲ್ಲ ನನ್ನ ಬಳಿ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ, ಮನಸ್ಸು ಕುಕ್ಕರಿನ ವಿಷಲ್ ಎಣಿಸುತ್ತಿತ್ತು. ಮೌಲ್ಯಮಾಪನದಿಂದ ಬಂದು ಕಣ್ಣು ಉರಿಯುತ್ತಿತ್ತು. ಇವೆಲ್ಲ ಸುಳ್ಳೂ ಅಲ್ಲ ನೋಡಿ. ಹುಳಿ ಕೆಟ್ಟರೆ ನಾವು ಬೇಳೆಯನ್ನು ಬೈಯುತ್ತೇವೆ, ಅಂಗಡಿಯವನನ್ನು ಬೈಯುತ್ತೇವೆ. ಬೇಳೆ ನಿಜವಾಗಿಯೂ ಹಳತಾಗಿರಲೂಬಹುದು. ಆದರೆ ಉಪ್ಪನ್ನು ಎರಡು ಸಲ ಹಾಕಿದ ಕೈ ಯಾರದು ಎಂಬ ಪ್ರಶ್ನೆ ಅಷ್ಟರಲ್ಲಿ ಮರೆತುಹೋಗಿರುತ್ತದೆ.

ರಾಯರು ನನ್ನ ಕಾರಣಗಳನ್ನೆಲ್ಲ ಸಮಾಧಾನವಾಗಿ ಕೇಳಿದರು. ಒಂದು ಭಾನುವಾರ ಮಾತ್ರ, “ಟೀಚರಮ್ಮ, ನಾಳೆಯಿಂದ ಒಂದು ನೋಟ್ ಬುಕ್ ತನ್ನಿ. ಆಡಿದ್ದನ್ನೆಲ್ಲ ಬರೀರಿ. ಗೆದ್ದ ಆಟ ಬೇಕಾದರೆ ಬಿಡಿ, ಸೋತದ್ದನ್ನ ಬಿಡಬೇಡಿ” ಎಂದರು. “ಗೆದ್ದದ್ದು ಯಾವುದಿದೆ ರಾಯರೇ ಬಿಡೋದಕ್ಕೆ!” ಎಂದು ನಾನು ನಕ್ಕೆ.

ಬರೆಯುವುದು ಕಷ್ಟವೇನಲ್ಲ. ಬೋರ್ಡಿನ 64 ಮನೆಗಳಿಗೂ ಒಂದೊಂದು ಹೆಸರಿದೆ. ಅಡ್ಡಕ್ಕೆ ಎ ಇಂದ ಎಚ್ ವರೆಗೆ ಅಕ್ಷರ, ಉದ್ದಕ್ಕೆ 1ರಿಂದ 8ರವರೆಗೆ ಅಂಕಿ. ಯಾವ ಕಾಯಿ ಯಾವ ಮನೆಗೆ ಹೋಯಿತು ಎಂದು ಎರಡು ಸಾಲಿನಲ್ಲಿ ಬರೆಯುತ್ತ ಹೋಗುವುದು: ಎಡಗಡೆ ಬಿಳಿಯವರದು, ಬಲಗಡೆ ಕಪ್ಪಿನವರದು. ದೊಡ್ಡ ಪಂದ್ಯಗಳಲ್ಲಿ ಹೀಗೆ ಬರೆಯುವುದು ಇಬ್ಬರಿಗೂ ಕಡ್ಡಾಯ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಒಟ್ಟಿಗೆ ಕೂತು ಮತ್ತೆ ಮೊದಲಿನಿಂದ ಕಾಯಿ ನಡೆಸಿ ನೋಡುವ ಪದ್ಧತಿಯೂ ಇದೆ. ಅದಕ್ಕೆ ಆಟಗಾರರು ಇಟ್ಟಿರುವ ಹೆಸರು ‘ಪೋಸ್ಟ್ ಮಾರ್ಟಮ್’. ಮೊದಲ ಸಲ ರಾಯರ ಬಾಯಲ್ಲಿ ಆ ಮಾತು ಕೇಳಿದಾಗ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಇದೇನು ಅಪಶಕುನ ಎನಿಸಿತ್ತು.

ಆ ಪುಸ್ತಕದ 11ನೆಯ ಆಟವನ್ನು ನಾನು ಮರೆಯುವುದಿಲ್ಲ. ನನ್ನದು ಬಿಳಿ. 21ನೆಯ ನಡೆಯಲ್ಲಿ ನನ್ನ ಮಂತ್ರಿ ಅವರ ಕಾಯಿಗಳ ನಡುವೆ ಸಿಕ್ಕಿಬಿದ್ದಿತು. ಎತ್ತ ಹೋದರೂ ಕಡಿತ. “ಇಲ್ಲೇ ತಪ್ಪಿದೆ” ಎಂದು ಆ ಸಾಲಿನ ಕೆಳಗೆ ಗೆರೆ ಎಳೆದೆ. ರಾಯರು ತಲೆಯಾಡಿಸಿ ಹಿಂದಕ್ಕೆ ಹೋದರು. 17ನೆಯ ನಡೆಯಲ್ಲಿ ಮೂಲೆಯ ಕಾವಲಿಲ್ಲದ ಕಾಲಾಳೊಂದನ್ನು ನಾನು ಮಂತ್ರಿಯಿಂದ ಹೊಡೆದಿದ್ದೆ. ಆಗ ಎಷ್ಟು ಹಿಗ್ಗಿದ್ದೆನೆಂದರೆ ಅವರ ಮನೆಯವರನ್ನು ಕೂಗಿ ತೋರಿಸಿದ್ದೆ. ರಾಯರು ಅಲ್ಲಿಯೂ ನಿಲ್ಲಲಿಲ್ಲ. ಅದಕ್ಕೂ ಹಿಂದೆ, 16ರಲ್ಲಿ, ಆ ಕಾಲಾಳನ್ನು ಕಾಯುತ್ತಿದ್ದ ಅವರ ಕುದುರೆ ಪಕ್ಕಕ್ಕೆ ಸರಿದಿತ್ತು. “ಈ ಕುದುರೆ ಯಾಕೆ ಇಲ್ಲಿಗೆ ಬಂತು ಅಂತ ಕೇಳಿಕೊಂಡ್ರಾ?” ಎಂದರು. ಇಲ್ಲ, ಕೇಳಿಕೊಂಡಿರಲಿಲ್ಲ. ಕುದುರೆ ಬಿಟ್ಟ ಮನೆಯನ್ನು ನೋಡಿದ್ದೆನೇ ಹೊರತು ಅದು ಹೋಗಿ ನಿಂತ ಮನೆಯನ್ನು ನೋಡಿರಲಿಲ್ಲ.

ಅಲ್ಲಿಂದ ಮುಂದೆ ಸುಮಾರು ನಲವತ್ತು ಸೋಲುಗಳನ್ನು ಹೀಗೆ ಬಿಡಿಸಿ ನೋಡಿದೆ. ಲಾರಿಯ ಹಾರನ್ನಾಗಲಿ ಕುಕ್ಕರಾಗಲಿ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಕಾಯಿಲೆ: ನಾನು ನನ್ನ ಮುಂದಿನ ನಡೆಯ ಯೋಚನೆಯಲ್ಲೇ ಇರುತ್ತೇನೆ, ಎದುರಿನವರು ಈಗ ತಾನೆ ಏನು ಮಾಡಿದರು ಎಂದು ನೋಡುವುದಿಲ್ಲ. ಇದು ಆಟದ ತಪ್ಪೋ ಸ್ವಭಾವದ ತಪ್ಪೋ? ನಮ್ಮ ಯಜಮಾನರನ್ನು ಕೇಳಿದರೆ ತಡಮಾಡದೆ ಉತ್ತರ ಹೇಳಿಯಾರು.

ಬೊಟ್ವಿನ್ನಿಕ್ ಎಂಬ ರಷ್ಯದ ಆಟಗಾರರ ವಿಷಯ ಮಗ ಹೇಳಿದ. ವೃತ್ತಿಯಿಂದ ವಿದ್ಯುತ್ ಎಂಜಿನಿಯರ್. 1960ರಲ್ಲಿ 23 ವರ್ಷದ ತಾಲ್ ಎಂಬ ಹುಡುಗನಿಗೆ ಸೋತು ವಿಶ್ವ ಚಾಂಪಿಯನ್ ಪಟ್ಟ ಕಳೆದುಕೊಂಡರು. ಮರುವರ್ಷವೇ ಅದೇ ಹುಡುಗನನ್ನು ಸೋಲಿಸಿ ಪಟ್ಟ ಮರಳಿ ಪಡೆದರು, ಆಗ ಅವರಿಗೆ 49. ತಮ್ಮ ಆಟಗಳನ್ನು ತಾವೇ ಕೂತು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುವುದರಲ್ಲಿ ಅವರು ಹೆಸರಾದವರು. ಐವತ್ತರ ಹತ್ತಿರ ಬಂದವರೂ ಕಲಿಯಬಹುದು ಎಂದು ನನಗೆ ಧೈರ್ಯ ಬಂದದ್ದು ಇವರಿಂದ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್ ಗೆದ್ದಾಗ ಸ್ಟಾಫ್ ರೂಮಿನಲ್ಲೆಲ್ಲ ಅದೇ ಮಾತು. ಆ ಹುಡುಗನೂ ಮೊದಲ ಆಟವನ್ನೇ ಸೋತಿದ್ದ. ಆದರೆ ನನ್ನ ಮನಸ್ಸು ಯಾಕೋ ಚೀನಾದ ಡಿಂಗ್ ಲಿರೆನ್ ಕಡೆಗೇ ಹೋಯಿತು. ಹದಿನಾಲ್ಕನೆಯ ಮತ್ತು ಕೊನೆಯ ಆಟದ 55ನೆಯ ನಡೆ. ಆನೆಗೆ ಆನೆ ಕೊಟ್ಟು ಆಟವನ್ನು ಸಮ ಮಾಡಿಕೊಳ್ಳೋಣವೆಂದು ಇಟ್ಟ ಆ ಒಂದು ಆನೆ ಪಟ್ಟವನ್ನೇ ಕೊಂಡೊಯ್ದಿತು. ಆ ರಾತ್ರಿ ಆತ ಎಷ್ಟು ಸಲ ಆ ಆನೆಯನ್ನು ಮನಸ್ಸಿನಲ್ಲಿ ಎತ್ತಿ ಬೇರೆ ಮನೆಯಲ್ಲಿಟ್ಟಿರಬಹುದು!

ಹಾಗೆ ಎತ್ತಿಡಲು ಬಾರದ ಒಂದು ಆಟ ನನಗೂ ಇದೆ.

2004ರಲ್ಲಿ ನಾನು ಒಂಬತ್ತನೆಯ ತರಗತಿಗೆ ಕ್ಲಾಸ್ ಟೀಚರ್. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಗಣಿತದಲ್ಲಿ ಎಷ್ಟು ಚುರುಕೆಂದರೆ ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳ ತುಟಿಯ ಮೇಲೆ ಉತ್ತರ ಇರುತ್ತಿತ್ತು. ಸಂಕ್ರಾಂತಿ ರಜೆ ಕಳೆದ ಮೇಲೆ ಅವಳು ಬರಲಿಲ್ಲ. ಮದುವೆಯಾಯಿತಂತೆ ಎಂದು ಅದೇ ಊರಿನ ಹುಡುಗಿಯೊಬ್ಬಳು ಹೇಳಿದಳು. ಅವಳಿಗೆ ಆಗ 15 ತುಂಬಿತ್ತೋ ಇಲ್ಲವೋ. ನಾವು ಟೀಚರುಗಳೆಲ್ಲ ಊಟದ ಡಬ್ಬಿ ಬಿಚ್ಚಿಕೊಂಡು ಮರುಗಿದೆವು. ಅಪ್ಪ ಕುಡುಕನಂತೆ, ಇಬ್ಬರು ತಂಗಿಯರಂತೆ, ಕಾನೂನಿದ್ದರೇನು, ಹಳ್ಳಿಯಲ್ಲಿ ಯಾರು ಕೇಳುತ್ತಾರೆ. ಕಾರಣಗಳಿಗೆ ಕೊರತೆಯಿರಲಿಲ್ಲ. ಅವೂ ಸುಳ್ಳಲ್ಲ.

ನೋಟ್ ಬುಕ್ಕಿನ ಅಭ್ಯಾಸವಾದ ಮೇಲೆ ಒಂದು ರಾತ್ರಿ, ನಿದ್ದೆ ಬಾರದೆ, ಈ ಆಟವನ್ನೂ ಹಿಂದಕ್ಕೆ ನಡೆಸಿ ನೋಡಿದೆ. ಸಂಕ್ರಾಂತಿಗೆ ಹದಿನೈದು ದಿನ ಮೊದಲು ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮಿಸ್, ಒಂದ್ಸಲ ನಮ್ಮನೇಗೆ ಬರ್ತೀರಾ?” ಎಂದು ಕೇಳಿದ್ದಳು. “ಯಾಕೇ, ಅವರೆಕಾಯಿ ಬಂತಾ?” ಎಂದು ನಾನು ನಕ್ಕಿದ್ದೆ. ಅವಳೂ ನಕ್ಕಳು. “ಪರೀಕ್ಷೆ ಮುಗೀಲಿ, ಬರ್ತೀನಿ” ಎಂದೆ. ಅದಕ್ಕೂ ಹಿಂದೆ, ದಸರೆ ಕಳೆದು ಒಂದು ವಾರ ತಡವಾಗಿ ಬಂದಾಗ, ಎಲ್ಲರೆದುರು ನಿಲ್ಲಿಸಿ ಬೈದಿದ್ದೆ. ಹಾಜರಿ ಕಡಿಮೆಯಾಗುತ್ತದೆಂಬ ಚಿಂತೆ ನನಗೆ. ಅದಕ್ಕೂ ಹಿಂದೆ, ಜುಲೈಯಲ್ಲೋ ಏನೋ, “ಸಂಜೆ ಬಸ್ಸು ಬರೋ ತನಕ ಕ್ಲಾಸಲ್ಲೇ ಕೂತು ಓದ್ಲಾ ಮಿಸ್? ಮನೇಲಿ ಆಗಲ್ಲ” ಎಂದಿದ್ದಳು. ಜವಾನ ಬೀಗ ಹಾಕುತ್ತಾನೆ, ಆಗುವುದಿಲ್ಲ ಎಂದಿದ್ದೆ. ಮನೆಯಲ್ಲಿ ಯಾಕೆ ಆಗುವುದಿಲ್ಲ ಎಂದು ಕೇಳಿರಲಿಲ್ಲ.

ಮೂರು ನಡೆ. ಮೂರರಲ್ಲೂ ಕುದುರೆ ಯಾಕೆ ಇಲ್ಲಿಗೆ ಬಂತು ಎಂದು ನಾನು ನೋಡಲಿಲ್ಲ.

ಆಮೇಲೆ ನಾನು ಬದಲಾದೆ ಎನ್ನಬಹುದು. ಈಗ ಯಾವ ಹುಡುಗಿಯಾದರೂ ಮನೆಗೆ ಬನ್ನಿ ಎಂದರೆ ಅದೇ ವಾರ ಹೋಗುತ್ತೇನೆ. ಕಾರಣ ಏನೂ ಇರುವುದಿಲ್ಲ ಅನೇಕ ಸಲ. ಕರು ಹಾಕಿದ ಹಸು ತೋರಿಸುತ್ತಾರೆ, ಗಿಣ್ಣು ತಿನ್ನಿಸಿ ಕಳಿಸುತ್ತಾರೆ. ಎರಡು ಸಲ ಕಾರಣವಿತ್ತು, ಹೋದದ್ದರಿಂದ ಆ ಇಬ್ಬರೂ ಎಸ್ಸೆಸ್ಸೆಲ್ಸಿ ಮುಗಿಸಿದರು. ಹಾಗಾದರೆ ಗೋಡೆಯ ಮೇಲಿನ ಮಾತು ನಿಜವಾಯಿತಲ್ಲ ಎಂದು ನೀವು ಕೇಳಬಹುದು. ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅಲ್ಲಿಯೇ. ಚೆಸ್ಸಿನಲ್ಲಿ ಸೋಲುವವಳೂ ನಾನೇ, ಕಲಿಯುವವಳೂ ನಾನೇ. ಆಟ ಮುಗಿದರೆ ರಾಜನೂ ಕಾಲಾಳೂ ಅದೇ ಡಬ್ಬಿ ಸೇರುತ್ತಾರೆ, ಮುಂದಿನ ಭಾನುವಾರ ಹುಣಿಸೆ ಬೀಜವೂ ಸೇರಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಆ ಹುಡುಗಿಯ ವಿಷಯದಲ್ಲಿ ತಪ್ಪಿದವಳು ನಾನು, ಕಲಿತವಳು ನಾನು, ಸೋತವಳು ಅವಳು. ಮೆಟ್ಟಿಲು ಅಂದರೆ ಯಾರ ಬೆನ್ನು ಎಂದು ಗೋಡೆಯ ಮೇಲೆ ಬರೆದಿಲ್ಲ. ನನ್ನ ತಪ್ಪಿನಿಂದ ಮುಂದಿನವರಿಗೆ ಒಳ್ಳೆಯದಾದರೆ ಅವಳ ಲೆಕ್ಕ ತೀರುತ್ತದೆಯೇ? ಒಬ್ಬರ ಖಾತೆಯಲ್ಲಿ ಕಟ್ಟಿದ ಹಣ ಇನ್ನೊಬ್ಬರ ಸಾಲಕ್ಕೆ ಜಮಾ ಆಗುವುದಿಲ್ಲ.

ರಾಯರಿಗೆ ಒಮ್ಮೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಷ್ಟೆಲ್ಲ ನಿಮ್ಮ ಮೇಲೇ ಹೊತ್ತುಕೋಬೇಡಿ ಟೀಚರಮ್ಮ, ಅವರಪ್ಪನೂ ಒಬ್ಬ ಇದ್ದನಲ್ಲ” ಎಂದರು. ಸರಿಯೇ. ನಾನು ಹೋಗಿದ್ದರೂ ಮದುವೆ ನಿಲ್ಲುತ್ತಿರಲಿಲ್ಲವೇನೋ. ಆದರೆ ನನ್ನ ಆಟದ ಸೋಲಿಗೆ ಲಾರಿಯ ಹಾರನ್ನನ್ನು ಒಪ್ಪದ ರಾಯರು ಇಲ್ಲಿ ಮಾತ್ರ ನನಗೊಂದು ಹಾರನ್ ಕೊಟ್ಟರು. ಸ್ನೇಹಕ್ಕೆ ಕೊಟ್ಟದ್ದು, ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

2016ರಲ್ಲಿ ಒಮ್ಮೆ ಸಂತೆಯಲ್ಲಿ ಅವಳು ಸಿಕ್ಕಿದ್ದಳು. ಹತ್ತು ವರ್ಷದ ಮಗಳು ಜೊತೆಗಿದ್ದಳು. “ಮಿಸ್!” ಎಂದು ಓಡಿಬಂದು ಕೈ ಹಿಡಿದುಕೊಂಡಳು. ನಾನು ಕೊಳ್ಳುತ್ತಿದ್ದ ಬದನೆಕಾಯಿಗೆ ಚೌಕಾಸಿ ಮಾಡಿ ಐದು ರೂಪಾಯಿ ಇಳಿಸಿಕೊಟ್ಟಳು, ಒಟ್ಟು ಲೆಕ್ಕವನ್ನೂ ಬಾಯಲ್ಲೇ ಕೂಡಿ ಹೇಳಿದಳು, ಅಂಗಡಿಯವನಿಗಿಂತ ಮೊದಲೇ. “ಆವತ್ತು ಬರಲೇ ಇಲ್ಲ ನೀವು” ಎಂದು ಅವಳು ಕೇಳಲಿಲ್ಲ. ನಾನೂ ಎತ್ತಲಿಲ್ಲ. ಅವಳಿಗೆ ನೆನಪಿಲ್ಲದೆಯೂ ಇರಬಹುದು, ಅಥವಾ ನನ್ನ ಮುಖ ನೋಡಿ ಬಿಟ್ಟಿರಲೂಬಹುದು.

ನನ್ನ ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಅವಳ ಆಟವನ್ನೂ ಬರೆಯಲು ಹೊರಟಿದ್ದೆ. ಎಡಗಡೆ ನನ್ನ ನಡೆಗಳು ತುಂಬಿದವು: ಬೀಗದ ಮಾತು, ಬೈದದ್ದು, ಅವರೆಕಾಯಿ. ಬಲಗಡೆ ಅವಳು ಕೇಳಿದ ಮೂರು ಮಾತನ್ನು ಬರೆದೆ. ಆ ಮಾತುಗಳ ಹಿಂದೆ ಏನಿತ್ತು, ಆ ದಸರೆಯ ವಾರ ಅವಳ ಮನೆಯಲ್ಲಿ ಏನು ನಡೆಯಿತು, ನಾನು ನಕ್ಕಾಗ ಅವಳೂ ಯಾಕೆ ನಕ್ಕಳು, ಅದೆಲ್ಲ ಖಾಲಿ. ಪೋಸ್ಟ್ ಮಾರ್ಟಮ್‌ಗೆ ಇಬ್ಬರೂ ಕೂರಬೇಕು. ಕೇಳಬೇಕೆಂದರೆ ಅವಳ ಗಂಡನ ಊರಿಗೆ ಹೋಗಬೇಕು. ಕೇಳುವ ಹಕ್ಕು ನನಗಿದೆಯೇ, ಅವಳ ಹಳೆಯ ಗಾಯ ಕೆದಕಿ ನನ್ನ ಹಾಳೆ ತುಂಬಿಸಿಕೊಳ್ಳುವುದಷ್ಟೇ ಆದೀತೇ, ತಿಳಿಯದು. ಊರಿನ ಹೆಸರು ಮಾತ್ರ ಸಂತೆಯಲ್ಲಿ ಅವಳೇ ಹೇಳಿದ್ದಳು, “ಬನ್ನಿ ಮಿಸ್ ಒಂದ್ಸಲ” ಎಂದು ಕರೆದಿದ್ದಳು ಕೂಡ. ಬಸ್ಸು ಬೆಳಿಗ್ಗೆ ಏಳೂವರೆಗೆ ಇದೆ.