ಸಾಕ್ಷಿಯೂ ಕರ್ತೃವೂ

ನೋಡುವವನು ಕೇವಲ ನೋಡುವವನಾಗಿಯೇ ಉಳಿಯಬಲ್ಲನೆ? ವೇದಾಂತಿಗಳಿಗೆ ಹಳೆಯದಾದ ಈ ಪ್ರಶ್ನೆಯು ಆಸ್ಟ್ರೇಲಿಯದ ಕಡಲಿನಲ್ಲಿ ಹೊಸ ರೂಪದಿಂದ ಎದ್ದಿರುವುದು.

ಆ ಖಂಡದ ಈಶಾನ್ಯ ತೀರದುದ್ದಕ್ಕೂ ಸುಮಾರು 2,300 ಕಿಲೋಮೀಟರು ಹಬ್ಬಿದ ಹವಳದ ದಿಬ್ಬಗಳ ಸಾಲನ್ನು ಗ್ರೇಟ್ ಬ್ಯಾರಿಯರ್ ರೀಫ್ ಎನ್ನುವರು. 1928-29ರಲ್ಲಿ ಬ್ರಿಟಿಷ್ ವಿದ್ವಾಂಸರ ತಂಡವೊಂದು ಅಲ್ಲಿಯ ಲೋ ದ್ವೀಪಗಳಲ್ಲಿ ನೆಲಸಿ ಹವಳದ ಜೀವನವನ್ನು ಪರಿಶೋಧಿಸಿತು. ಆದರೂ ಹವಳಗಳು ಬಹುಮಟ್ಟಿಗೆ ಮರಿಗಳನ್ನು ಒಡಲಲ್ಲಿಯೇ ಬೆಳೆಸಿ ಹೊರಬಿಡುವುವೆಂಬ ಅಭಿಪ್ರಾಯವೇ ಮತ್ತೆ ಅರ್ಧ ಶತಮಾನ ಬಳಕೆಯಲ್ಲಿದ್ದಿತು. 1981 ಮತ್ತು 1982ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾನಿಲಯದ ತರುಣ ಸಂಶೋಧಕರು ಮ್ಯಾಗ್ನೆಟಿಕ್ ದ್ವೀಪವೇ ಮೊದಲಾದೆಡೆಗಳಲ್ಲಿ ರಾತ್ರಿ ನೀರಿಗಿಳಿದು ಕಾದರು. ಹುಣ್ಣಿಮೆ ಕಳೆದು ಕೆಲವೇ ದಿನಗಳಲ್ಲಿ, ಪಂಚಾಂಗದ ಲೆಕ್ಕದಂತೆ ಬಹುಳ ಚೌತಿ ಪಂಚಮಿಗಳ ಸುಮಾರಿಗೆ, ಹವಳಗಳು ಅಂಡ ರೇತಸ್ಸುಗಳ ಸಣ್ಣ ಗುಳಿಗೆಗಳನ್ನು ಬಿಡತೊಡಗಿದವು. ಗುಲಾಬಿ ಬಣ್ಣದ ಆ ಗುಳಿಗೆಗಳು ತಲೆಕೆಳಗಾದ ಮಳೆಯಂತೆ ಮೇಲಕ್ಕೇರಿದವು. ಹೀಗೆ ಒಂದೇ ಕಾಲವನ್ನು ಅನುಸರಿಸಿದ ಜಾತಿಗಳು 32 ಎಂದು 1984ರಲ್ಲಿ ಪ್ರಕಟವಾಯಿತು.

ಈ ಸಾಕ್ಷಿಗಳ ಕೈಯಲ್ಲಿ ದೀಪವಿದ್ದಿತು. ಹವಳಕ್ಕೆ ಕಣ್ಣಿಲ್ಲ, ಬೆಳಕಿನ ಅರಿವಿದೆ. ಕೃತಕ ಬೆಳಕು ಆ ಮುಹೂರ್ತವನ್ನೇ ಕೆಡಿಸಬಲ್ಲುದು. ನೋಟವೇ ನೋಡಿದ್ದನ್ನು ಮುಟ್ಟುವುದೆಂದ ಮೇಲೆ, ತಟಸ್ಥನೆಂಬ ಹೆಸರು ಯಾರಿಗೆ ಸಲ್ಲುವುದು?

ನಂತರದ ಸಂಶೋಧಕರು ತೇಲಿದ ಅಂಡಗಳನ್ನು ಸಂಗ್ರಹಿಸಿ, ಮರಿಗಳನ್ನು ಸಾಕಿ, ಹಾಳಾದ ದಿಬ್ಬಗಳಲ್ಲಿ ಬಿಡತೊಡಗಿದರು. ಅಸಂಖ್ಯ ಅಂಡಗಳಲ್ಲಿ ಹವಳವಾಗುವುವು ಕೆಲವೇ. ಹೇಗೂ ಸಾಯತಕ್ಕವನ್ನು ತೆಗೆದರೆ ದೋಷವೇನೆಂದು ಕೆಲವರು ಹೇಳಬಹುದು. ಈ ವಾದವು ದುರ್ಬಲ. ಕಳ್ಳನಿಗೂ ಇದು ಒದಗುವುದು. ಮೀನುಗಳು ತಿಂದು ತಣಿದ ಮೇಲೆಯೂ ಕೆಲವು ಉಳಿಯುವುದು ಆ ಸಮೃದ್ಧಿಯಿಂದಲೇ. ಆದುದರಿಂದ ಅದು ಒಡೆಯನಿಲ್ಲದ ಮಿಗತೆಯಲ್ಲ.

ನಿಜವಾದ ಸಮರ್ಥನೆಯು ಬೇರೆ. 2016 ಮತ್ತು 2017ರಲ್ಲಿ ಕಡಲು ಕಾದು ಹವಳಗಳು ಬಿಳುಚಿ ಸತ್ತವು. 2018ರಲ್ಲಿ ಹೊಸದಾಗಿ ನೆಲೆಗೊಂಡ ಮರಿಗಳು ಹಿಂದಿನದಕ್ಕಿಂತ ನೂರಕ್ಕೆ 89ರಷ್ಟು ಕಡಿಮೆಯಾದುವು. ಕಡಲನ್ನು ಕಾಯಿಸಿದವರಲ್ಲಿ ಬಹು ಮಂದಿ ಹವಳವನ್ನೇ ಕಂಡವರಲ್ಲ. ಇರುಳಿನಲ್ಲಿ ಕೆರೆಯ ಏರಿ ಜಿನುಗುವುದನ್ನು ಕಂಡ ದಾರಿಗನು ಕೆರೆಯ ಒಡೆಯನಲ್ಲ, ಏರಿಯನ್ನು ಕೆಡಿಸಿದವನೂ ಅಲ್ಲ. ಆದರೂ ಕಂಡ ಮೇಲೆ ಊರನ್ನು ಎಬ್ಬಿಸದೆ ಹೋಗಲಾರನು. ಸಂಶೋಧಕನು ಅಂಡಗಳಿಗೆ ಕೈಯೊಡ್ಡುವುದು ಈ ನ್ಯಾಯದಿಂದ.

ಆದರೆ ಈಗ ಬಿಸಿಯನ್ನು ತಾಳಬಲ್ಲ ತಳಿಗಳನ್ನೇ ಆರಿಸಿ ಬೆಳೆಸುವ ಯತ್ನವೂ ನಡೆದಿದೆ. ಅಲ್ಲಿ ದಾರಿಗನು ಏರಿಗೆ ಮಣ್ಣು ಹಾಕುವುದರೊಡನೆ ಕೆರೆಯಲ್ಲಿ ಯಾವ ಮೀನು ಬದುಕಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತಿರುವನು. ಅದಕ್ಕೆ ಅಪ್ಪಣೆಯನ್ನು ಯಾರಿಂದ ಪಡೆಯತಕ್ಕದ್ದೆಂಬುದು ಇನ್ನೂ ನಿಶ್ಚಯವಾಗಿಲ್ಲ.