ಗಾನವಿದ್ಯೆಯೂ ವಿದ್ಯಾರ್ಥಿಯ ಯೋಗಕ್ಷೇಮವೂ

ವಿದ್ಯೆಯನ್ನು ಕೊಡುವವನು ವಿದ್ಯೆಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಬಹುದೇ, ಅಥವಾ ಆ ವಿದ್ಯೆಯನ್ನು ಧರಿಸತಕ್ಕ ದೇಹಮನಸ್ಸುಗಳ ಹೊಣೆಯೂ ಅವನ ಪಾಲಿಗೆ ಸೇರಿದುದೇ ಎಂಬ ಪ್ರಶ್ನೆಯು ಎಲ್ಲ ಶಾಸ್ತ್ರಗಳ ವಿಷಯದಲ್ಲಿಯೂ ಏಳತಕ್ಕುದೇ ಸರಿ. ಆದರೆ ಗಾನವಿದ್ಯೆಯಲ್ಲಿ ಅದು ಏಳುವಷ್ಟು ತೀವ್ರವಾಗಿ ಬೇರೆಲ್ಲಿಯೂ ಏಳಲಾರದು. ತರ್ಕವನ್ನೋದುವವನಿಗೆ ಗಂಟಲು ಕಟ್ಟಿದರೆ ತರ್ಕವು ಕೆಡುವುದಿಲ್ಲ. ಗಣಿತವನ್ನೋದುವವನ ಬೆರಳು ನೊಂದರೆ ಗಣಿತವು ನಿಲ್ಲುವುದಿಲ್ಲ. ಹಾಡುವವನಿಗಾದರೋ ಕಂಠವು ಹೋದರೆ ವಿದ್ಯೆಯೇ ಹೋದಂತೆ. ಗಾಯಕನ ಧ್ವನಿಗೆ ಕನ್ನಡಿಗರು ‘ಶಾರೀರ’ವೆಂಬ ಹೆಸರನ್ನಿಟ್ಟಿರುವುದರಲ್ಲಿಯೇ ಈ ಅರ್ಥವು ಅಡಗಿದೆ. ಅದು ಶರೀರದಿಂದ ಹುಟ್ಟಿದುದು, ಶರೀರದೊಡನೆಯೇ ಬಾಳತಕ್ಕುದು.

ಹಿಂದೆ ಗುರುವಿನ ಮನೆಯಲ್ಲಿ ನಿಂತು ಕಲಿಯುತ್ತಿದ್ದ ಶಿಷ್ಯನ ಊಟ, ನಿದ್ರೆ, ಜ್ವರ, ದುಗುಡ ಇವೆಲ್ಲವೂ ಗುರುವಿನ ಕಣ್ಣೆದುರಿನಲ್ಲಿಯೇ ನಡೆಯುತ್ತಿದ್ದವು. ಗುರುವು ದಯಾಳುವಾಗಿದ್ದರೆ ಆ ನೋಟವು ಶಿಷ್ಯನಿಗೆ ರಕ್ಷೆಯಾಗುತ್ತಿತ್ತು. ಕಠಿನನಾಗಿದ್ದರೆ ಅದೇ ನೋಟವು ಶಿಕ್ಷೆಯಾಗುತ್ತಿತ್ತು. ಅಂತೂ ನೋಡುವವನೊಬ್ಬನಿದ್ದನು. ವಿಶ್ವವಿದ್ಯಾನಿಲಯದಲ್ಲಿ ಗಂಟೆಗೊಬ್ಬ ಅಧ್ಯಾಪಕನು ಬರುವನು. ಒಬ್ಬನು ಸ್ವರವನ್ನು ತಿದ್ದುವನು, ಒಬ್ಬನು ಲಯವನ್ನು ತಿದ್ದುವನು, ಮತ್ತೊಬ್ಬನು ಶಾಸ್ತ್ರಭಾಗವನ್ನು ಬೋಧಿಸುವನು. ವಿದ್ಯಾರ್ಥಿಯು ರಾತ್ರಿ ಎಷ್ಟು ಹೊತ್ತಿಗೆ ಮಲಗಿದನು, ಹಾಸ್ಟೆಲಿನಲ್ಲಿ ಹೊಟ್ಟೆತುಂಬ ಉಂಡನೇ, ಎಡಗೈಯನ್ನು ಏಕೆ ಆಗಾಗ ಕೊಡಹುತ್ತಿರುವನು ಎಂಬುದನ್ನು ನೋಡತಕ್ಕ ಕೆಲಸವು ಯಾರ ಕೆಲಸವೆಂದೂ ವೇಳಾಪಟ್ಟಿಯಲ್ಲಿ ಬರೆದಿರುವುದಿಲ್ಲ.

ಪಿಟೀಲನ್ನು ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಉದಾಹರಣೆಗಾಗಿ ಭಾವಿಸಬಹುದು. ಪರೀಕ್ಷೆಗೆ ಮೂರು ವಾರಗಳಿವೆ. ಅವಳ ಎಡಗೈಯ ಮಣಿಕಟ್ಟಿನಲ್ಲಿ ನೋವು ಹುಟ್ಟಿದೆ. ಹೇಳಿಕೊಂಡರೆ ಪರೀಕ್ಷೆಗೆ ಕೂಡಿಸದೆ ಹೋದಾರೆಂಬ ಭಯ. ಪರೀಕ್ಷೆ ತಪ್ಪಿದರೆ ವಿದ್ಯಾರ್ಥಿವೇತನವು ನಿಂತೀತೆಂಬ ಭಯ. ಗಮಕವು ಸಡಿಲವಾದುದನ್ನು ಕಂಡ ಅಧ್ಯಾಪಕನು ದಿನಕ್ಕೆ ಇನ್ನೆರಡು ಗಂಟೆಗಳ ಸಾಧನೆಯನ್ನು ವಿಧಿಸುವನು. ಅವಳು ಮರುಮಾತಾಡದೆ ಸಾಧನೆ ಮಾಡುವಳು, ನೋವು ಬೆಳೆಯುವುದು. ಇಲ್ಲಿ ಕೆಟ್ಟವರಾರೂ ಇಲ್ಲ. ಅಧ್ಯಾಪಕನು ತನ್ನ ಧರ್ಮವನ್ನು ಮಾಡಿದನು, ವಿದ್ಯಾರ್ಥಿನಿಯು ತನ್ನ ಧರ್ಮವನ್ನು ಮಾಡಿದಳು, ಕಾಲೇಜು ತನ್ನ ನಿಯಮವನ್ನು ನಡೆಯಿಸಿತು. ಆದರೂ ಒಂದು ಕೈಯು ಕೆಟ್ಟಿತು. ಹೀಗೆ ಎಲ್ಲರೂ ನಿರ್ದೋಷಿಗಳಾಗಿರುವಲ್ಲಿ ದೋಷವು ಸಂಭವಿಸಿದರೆ, ಆ ದೋಷವು ವ್ಯವಸ್ಥೆಯಲ್ಲಿದೆಯೆಂದೇ ಹೇಳಬೇಕಾಗುವುದು.

ಇದಕ್ಕೆ ಪೂರ್ವಪಕ್ಷವೊಂದುಂಟು. ಸಂಗೀತವು ತಪಸ್ಸು, ತಪಸ್ಸಿನಲ್ಲಿ ದೇಹದಂಡನೆಯು ಅನಿವಾರ್ಯ, ನೋವಿಗೆ ಅಂಜುವವನು ಈ ಮಾರ್ಗಕ್ಕೆ ಬರಬಾರದು ಎಂದು ಹಲವರು ವಾದಿಸುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಬೆಳಗಿನ ಜಾವದಲ್ಲೆದ್ದು ಮಂದ್ರಸಾಧನೆ ಮಾಡದೆ ಕಂಠವು ಪಳಗದು. ಸಾವಿರ ಬಾರಿ ತಪ್ಪದೆ ಬೆರಳು ಸ್ಥಾನವನ್ನರಿಯದು. ಆದರೆ ಪ್ರಾಚೀನರು ದೇಹವನ್ನು ತಿರಸ್ಕರಿಸಿ ಗಾನವನ್ನು ಬೋಧಿಸಿದರೆಂದು ತಿಳಿಯುವುದು ಸರಿಯಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಮೊದಲನೆಯ ಅಧ್ಯಾಯದಲ್ಲಿ ಶ್ರುತಿಸ್ವರಗಳ ವಿಚಾರಕ್ಕೆ ಕೈಯಿಡುವುದಕ್ಕೆ ಮುಂಚೆ ಪಿಂಡೋತ್ಪತ್ತಿಯೆಂಬ ಪ್ರಕರಣವನ್ನಿಟ್ಟು, ಮಾನವದೇಹದ ಹುಟ್ಟನ್ನೂ ರಚನೆಯನ್ನೂ ವರ್ಣಿಸಿದ್ದಾನೆ. ದೇಹವನ್ನರಿಯದೆ ನಾದವನ್ನರಿಯಲಾಗದೆಂಬುದೇ ಆ ಕ್ರಮದ ತಾತ್ಪರ್ಯ. ‘ನಾರದೀಯ ಶಿಕ್ಷೆ’ಯು ಪಾಠ ಕಲಿಯುವವನ ದಂತಧಾವನವನ್ನು ವಿಚಾರಿಸಿ, ಉಪ್ಪು ಬೆರೆಸಿದ ತ್ರಿಫಲೆಯನ್ನು ಸೇವಿಸುವಂತೆ ಹೇಳುತ್ತದೆ. ಆ ಔಷಧದ ಗುಣವು ಹೇಗೆಯೇ ಇರಲಿ, ಶಿಷ್ಯನ ಹೊಟ್ಟೆಯೂ ಗಂಟಲೂ ಶಿಕ್ಷಾಶಾಸ್ತ್ರದ ವಿಷಯಗಳೆಂದು ಆ ಗ್ರಂಥಕಾರನು ಎಣಿಸಿದನೆಂಬುದು ಗಮನಾರ್ಹವಾಗಿದೆ.

ಶಾರ್ಙ್ಗದೇವನು ಗಾಯಕರ ದೋಷಗಳನ್ನು ಪರಿಗಣಿಸುವಾಗ ಹಲ್ಲು ಕಚ್ಚಿ ಹಾಡುವವನನ್ನೂ, ಮುಖಕಂಠಗಳ ನರಗಳುಬ್ಬುವಂತೆ ಹಾಡುವವನನ್ನೂ ಹೇಳಿ, ‘ಭೀತ’ನೆಂದು ಹೆದರಿ ಹಾಡುವವನನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾನೆ. ಎಂದ ಮೇಲೆ ಬಲಾತ್ಕಾರದಿಂದ ಹಾಡುವುದೂ ಭಯದಿಂದ ಹಾಡುವುದೂ ತಪಸ್ಸಿನ ಲಕ್ಷಣಗಳಲ್ಲ, ಗಾನದ ದೋಷಗಳು. ವಿದ್ಯಾರ್ಥಿಯನ್ನು ನೋವಿನಲ್ಲಿಯೂ ಭಯದಲ್ಲಿಯೂ ಹಾಡಿಸುವ ಶಾಲೆಯು ದೋಷವನ್ನೇ ಅಭ್ಯಾಸ ಮಾಡಿಸಿದಂತಾಗುವುದು.

ಆಧುನಿಕ ವೈದ್ಯವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಕಂಠವನ್ನು ಮಿತಿಮೀರಿ ದುಡಿಸಿದರೆ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳೇಳುವುವು. ವಿಶ್ರಾಂತಿಯಿಲ್ಲದೆ ದುಡಿದ ಕೈಯ ಸ್ನಾಯುರಜ್ಜುಗಳು ಊದಿಕೊಳ್ಳುವುವು. ಕಿವಿಯ ಲೆಕ್ಕವು ಇನ್ನೂ ನಿಷ್ಠುರವಾದುದು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದೂ, ಅದರ ಮೇಲೆ 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಕಾಲವು ಅರ್ಧರ್ಧವಾಗಿ ಇಳಿಯತಕ್ಕುದೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ವಿಧಿಸಿದೆ. ಈ ಲೆಕ್ಕದಂತೆ 94 ಡೆಸಿಬೆಲಿಗೆ ಉಳಿಯುವುದು ಒಂದೇ ಗಂಟೆ. ಇಕ್ಕಟ್ಟಾದ ಕೋಣೆಯಲ್ಲಿ ದಿನವೆಲ್ಲ ತಾಳವಾದ್ಯಗಳ ನಡುವೆ ಕುಳಿತಿರುವ ವಿದ್ಯಾರ್ಥಿಗೆ ಇದನ್ನು ತಿಳಿಸದಿರುವುದು, ಹಾಳುಬಾವಿಯ ಅಂಚಿನಲ್ಲಿ ನಡೆಯುತ್ತಿರುವವನಿಗೆ ಬಾವಿಯಿದೆಯೆಂದು ಹೇಳದಿರುವುದಕ್ಕೆ ಸಮಾನವಾದುದು. ಅಮೆರಿಕದಲ್ಲಿ ಕಲಾವಿದರ ವೈದ್ಯಕ್ಕಾಗಿಯೇ 1989ರಲ್ಲಿ ಒಂದು ಸಂಘವು ಹುಟ್ಟಿತು. 2004ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಸಂಗೀತಶಾಲೆಗಳ ಆರೋಗ್ಯವನ್ನೇ ವಿಷಯವಾಗಿಟ್ಟುಕೊಂಡು ಒಂದು ಸಮ್ಮೇಲನವು ನಡೆಯಿತು. ಆ ದೇಶದ ಸಂಗೀತಶಾಲೆಗಳಿಗೆ ಮನ್ನಣೆಯನ್ನು ಕೊಡುವ ಮಂಡಲಿಯು, ದೇಹಕ್ಕೂ ಕಿವಿಗೂ ಒದಗಬಹುದಾದ ಅಪಾಯಗಳನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದನ್ನು ಶಾಲೆಗಳ ಕರ್ತವ್ಯಗಳಲ್ಲೊಂದಾಗಿ ಎಣಿಸಿದೆ.

ನೋವನ್ನು ಮೀರಿ ಸಾಧಿಸಬೇಕೆಂಬ ಉಪದೇಶವು ಎಷ್ಟು ದೊಡ್ಡವರನ್ನೂ ಉರುಳಿಸಬಲ್ಲುದೆಂಬುದಕ್ಕೆ ಲಿಯೋನ್ ಫ್ಲೈಷರ್ ಎಂಬ ಅಮೆರಿಕದ ಪಿಯಾನೋ ವಿದ್ವಾಂಸನ ಕಥೆಯೇ ಸಾಕು. ಮೂವತ್ತಾರರ ಪ್ರಾಯದಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗ, ಅವನ ಬಲಗೈಯ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳಲಾರಂಭಿಸಿದವು. ಅವನು ಇನ್ನೂ ಹೆಚ್ಚಾಗಿ ಸಾಧನೆ ಮಾಡಿದನು. ಬೆರಳುಗಳು ಇನ್ನೂ ಹೆಚ್ಚಾಗಿ ಮಡಿಚಿಕೊಂಡವು. ಪ್ರಾಣತ್ಯಾಗದ ಯೋಚನೆಯೂ ತನಗೆ ಬಂದಿತ್ತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಸುಮಾರು ಮೂವತ್ತು ವರ್ಷಗಳ ಕಾಲ ಅವನು ಎಡಗೈಗಾಗಿ ರಚಿತವಾದ ಕೃತಿಗಳನ್ನು ನುಡಿಸುತ್ತ, ವಾದ್ಯವೃಂದವನ್ನು ನಡೆಯಿಸುತ್ತ, ಬಾಲ್ಟಿಮೋರಿನ ಪೀಬಾಡಿ ಸಂಗೀತಶಾಲೆಯಲ್ಲಿ ಶಿಷ್ಯರನ್ನು ತಿದ್ದುತ್ತ ಬಾಳಿದನು. 1990ರ ದಶಕದಲ್ಲಿ ಹೊಸ ಚಿಕಿತ್ಸೆಯೊಂದರಿಂದ ಎರಡು ಕೈಗಳಿಂದಲೂ ನುಡಿಸುವಂತಾದನು. ಅವನನ್ನು ಉಳಿಸಿದುದು ತನಗೂ ಸಂಗೀತಕ್ಕೂ ಇರುವ ಸಂಬಂಧವು ತನ್ನ ಬಲಗೈಗಿಂತ ದೊಡ್ಡದೆಂಬ ಅರಿವು. ಅಷ್ಟು ಪ್ರಬುದ್ಧನಿಗೇ ಆ ಅರಿವು ತಡವಾಗಿ ಬಂದಿತೆಂದ ಮೇಲೆ, ಇಪ್ಪತ್ತು ವರ್ಷದ ಹುಡುಗನು ಅದನ್ನು ಒಬ್ಬನೇ ಕುಳಿತು ಕಂಡುಕೊಳ್ಳಲೆಂದು ಬಿಡುವುದು ಎಂತಹ ನ್ಯಾಯ?

ಇನ್ನು ಎರಡನೆಯ ಪೂರ್ವಪಕ್ಷ. ಕುರುಡರಿಗೂ ಕಿವುಡರಿಗೂ ನಡೆಯಲಾರದವರಿಗೂ ಅನುಕೂಲಗಳನ್ನು ಕಲ್ಪಿಸುತ್ತ ಹೋದರೆ ವಿದ್ಯೆಯ ಮಟ್ಟವು ಇಳಿಯುವುದೆಂಬುದು. ಇದಕ್ಕೆ ಉತ್ತರ ಹೇಳುವ ಮುನ್ನ ಎರಡು ಬಗೆಯ ಕಷ್ಟಗಳನ್ನು ಬೇರ್ಪಡಿಸಬೇಕು. ವಿದ್ಯೆಗೆ ಸಹಜವಾದ ಕಷ್ಟವೊಂದು. ವಿದ್ಯೆಯ ದಾರಿಯಲ್ಲಿ ಬಿದ್ದಿರುವ ಕಲ್ಲು ಮತ್ತೊಂದು. ತೋಡಿಯ ಗಾಂಧಾರವನ್ನು ಅದರ ಕಂಪನದೊಡನೆ ಹಿಡಿಯುವುದು ಮೊದಲನೆಯದು. ಅದರಲ್ಲಿ ಯಾರಿಗೂ ರಿಯಾಯಿತಿಯಿಲ್ಲ, ಬೇಡುವವರೂ ಇಲ್ಲ. ತೋಡಿಯನ್ನು ಕಲಿಸುವ ಕೋಣೆಯು ಮೂರನೆಯ ಅಂತಸ್ತಿನಲ್ಲಿರುವುದು ಎರಡನೆಯದು. ಆ ಮೆಟ್ಟಲುಗಳು ಯಾವ ರಾಗದ ಆರೋಹಣವೂ ಅಲ್ಲ. ಅವುಗಳನ್ನು ಹತ್ತಲಾರದವನಿಗಾಗಿ ಪಾಠವನ್ನು ಕೆಳಗೆ ಇಳಿಸಿದರೆ ಕೋಣೆಯು ಇಳಿಯಿತೇ ಹೊರತು ರಾಗವು ಇಳಿಯಲಿಲ್ಲ.

ಪ್ಯಾರಿಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ ಅಂಧನಾದ ಲೂಯಿ ಬ್ರೈಲನು 1829ರಲ್ಲಿ ತನ್ನ ಚುಕ್ಕಿಗಳ ಲಿಪಿಯನ್ನು ಪ್ರಕಟಿಸಿದಾಗ ಅಕ್ಷರಗಳೊಡನೆ ಸಂಗೀತವನ್ನು ಬರೆಯುವ ವಿಧಾನವನ್ನೂ ಸೇರಿಸಿದ್ದನು. ಆ ಲಿಪಿಯನ್ನು ಬೆರಳಿನಿಂದ ಓದಬೇಕು. ವಾದ್ಯವನ್ನೂ ಬೆರಳಿನಿಂದಲೇ ನುಡಿಸಬೇಕು. ಓದುತ್ತ ನುಡಿಸುವುದು ಸಾಧ್ಯವಿಲ್ಲವಾದುದರಿಂದ ಅಂಧ ವಿದ್ಯಾರ್ಥಿಯು ಕೃತಿಯನ್ನು ಮೊದಲೇ ಕಂಠಸ್ಥ ಮಾಡಬೇಕಾಗುವುದು. ಆದಕಾರಣ ಅವನಿಗೆ ಕೃತಿಯನ್ನು ಕೆಲವು ವಾರಗಳ ಮುಂಚಿತವಾಗಿ ಕೊಡುವುದು ದಾಕ್ಷಿಣ್ಯವಲ್ಲ. ವಸ್ತುಸ್ಥಿತಿಯನ್ನು ಒಪ್ಪಿಕೊಂಡುದು ಮಾತ್ರ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನ್ನಿಯು ಹನ್ನೆರಡನೆಯ ವಯಸ್ಸಿಗೆ ಬಹುಮಟ್ಟಿಗೆ ಕಿವುಡಾದವಳು. 1980ರ ದಶಕದ ಆರಂಭದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಲು ಬಯಸಿದಾಗ, ಕಿವುಡಿಯು ಸಂಗೀತಗಾರಳಾಗುವುದುಂಟೇ ಎಂಬ ಸಂಶಯವನ್ನು ಅವಳು ಎದುರಿಸಬೇಕಾಯಿತು. ಬರಿಗಾಲಿನಲ್ಲಿ ನಿಂತು ನಾದದ ಕಂಪನವನ್ನು ನೆಲದಿಂದ ಗ್ರಹಿಸುವ ಅವಳು ಮುಂದೆ ತಾಳವಾದ್ಯಗಳಲ್ಲಿ ಜಗತ್ಪ್ರಸಿದ್ಧಳಾದಳು.

ಕರ್ನಾಟಕದ ವಾಚಕರಿಗಂತೂ ಗದಗು ಇರುವಾಗ ದೂರದ ನಿದರ್ಶನಗಳು ಬೇಕಾಗಿಲ್ಲ. ಹುಟ್ಟುಗುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ವಿದ್ಯೆಯನ್ನು ಪಡೆದು, ತಾವು ಪಡೆದುದನ್ನು ಅಂಧರಿಗೂ ಅನಾಥರಿಗೂ ಹಂಚಿದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನ, ವಸತಿ, ವಿದ್ಯೆ ಇವು ಮೂರೂ ಒಂದೇ ಸೂರಿನ ಕೆಳಗೆ ದೊರೆತವು. ಅವರ ಬಳಿಕ ಅಂಧರೇ ಆದ ಪುಟ್ಟರಾಜ ಗವಾಯಿಗಳು (1914–2010) ಆ ಭಾರವನ್ನು ಹೊತ್ತರು. ಅಲ್ಲಿ ಮಟ್ಟವು ಇಳಿಯಿತೆಂದು ಯಾರು ಹೇಳಬಲ್ಲರು? ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ವೆಂಕಟೇಶಕುಮಾರರು ಪುಟ್ಟರಾಜ ಗವಾಯಿಗಳ ಶಿಷ್ಯರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ ಸಂಗೀತವನ್ನು ಸಾರ್ವಜನಿಕ ಶಾಲೆಗೆ ತಂದ ವಿಷ್ಣು ದಿಗಂಬರ ಪಲುಸ್ಕರರೂ ಬಾಲ್ಯದಲ್ಲಿ ಬಾಣಬಿರುಸಿನ ಅಪಘಾತದಿಂದ ದೃಷ್ಟಿ ಕೆಟ್ಟು, ಆ ಕಾರಣದಿಂದಲೇ ಸಂಗೀತಕ್ಕೆ ಬಂದವರು. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸರಕಾರದ ಮತ್ತು ಸರಕಾರದ ನೆರವನ್ನು ಪಡೆಯುವ ಉಚ್ಚಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಕಾದಿರಿಸಬೇಕೆಂದು ವಿಧಿಸಿದೆ. ಆದರೆ ಕಾಯಿದೆಯು ಬಾಗಿಲನ್ನು ತೆರೆಯಿಸಬಲ್ಲುದು. ಒಳಗೆ ಬಂದವನನ್ನು ಬಾ ಎಂದು ಕರೆದು ಕೂಡಿಸುವುದು ಮನುಷ್ಯರ ಕೆಲಸ.

ಕೊನೆಯದಾಗಿ, ಹಿತವನ್ನು ಹೇಳತಕ್ಕವರು ಯಾರು ಎಂಬ ವಿಚಾರ. ತೈತ್ತಿರೀಯೋಪನಿಷತ್ತಿನಲ್ಲಿ ವೇದವನ್ನು ಕಲಿತು ಹೊರಡುವ ಶಿಷ್ಯನಿಗೆ ಆಚಾರ್ಯನು ಉಪದೇಶ ಮಾಡುವಾಗ, ನಡತೆಯಲ್ಲಿ ಸಂದೇಹವುಂಟಾದರೆ ಯಾರ ನಡೆಯನ್ನು ನೋಡಬೇಕೆಂಬುದನ್ನೂ ತಿಳಿಸುತ್ತಾನೆ. ಅವರು ವಿಚಾರಶೀಲರಾಗಿರಬೇಕೆಂದು ಹೇಳಿ ಅಷ್ಟಕ್ಕೇ ನಿಲ್ಲದೆ, ‘ಅಲೂಕ್ಷ’ರಾಗಿರಬೇಕು, ಅಂದರೆ ಒರಟರಲ್ಲದವರಾಗಿರಬೇಕು ಎಂದೂ ಸೇರಿಸುತ್ತಾನೆ. ಜ್ಞಾನವಿದ್ದು ಮೃದುತ್ವವಿಲ್ಲದವನು ಸಂದೇಹಪಟ್ಟವನಿಗೆ ಆಶ್ರಯವಾಗಲಾರನು. ಇದರೊಡನೆ ಈ ಕಾಲಕ್ಕೆ ಅವಶ್ಯವಾದ ಇನ್ನೊಂದು ನಿಯಮವುಂಟು: ಅಂಕವನ್ನು ಕೊಡುವವನೂ ಅಳಲನ್ನು ಕೇಳುವವನೂ ಒಬ್ಬನೇ ಆಗಿರಬಾರದು. ಮೇಲೆ ಹೇಳಿದ ವಿದ್ಯಾರ್ಥಿನಿಯು ಬಾಯಿಬಿಡದೆ ಹೋದುದು ಇದೇ ಕಾರಣದಿಂದ. ಪರೀಕ್ಷಕನಲ್ಲದ, ಕೇಳಿದುದನ್ನು ಹೊರಗೆಡಹದ, ವೈದ್ಯನ ಬಳಿಗೆ ಯಾವಾಗ ಕಳುಹಿಸಬೇಕೆಂಬುದನ್ನು ಬಲ್ಲ ಒಬ್ಬ ವ್ಯಕ್ತಿಯು ಅಲ್ಲಿ ಇದ್ದಿದ್ದರೆ, ಮೂರು ವಾರಗಳ ವಿಶ್ರಾಂತಿಯೂ ಪರೀಕ್ಷೆಗೆ ಬೇರೊಂದು ದಿನವೂ ಆ ಕೈಯನ್ನು ಉಳಿಸಬಹುದಾಗಿದ್ದಿತು.

ಹೀಗೆಂದು ಹಿತಚಿಂತಕನು ಸಿಹಿಮಾತನ್ನೇ ಆಡಬೇಕೆಂದಲ್ಲ. ವರ್ಷಗಳಿಂದ ಶ್ರಮಿಸಿದರೂ ಕಚೇರಿಯ ಗಾಯಕನಾಗಲಾರದವನಿಗೆ ಆ ಸಂಗತಿಯನ್ನು ಮರೆಮಾಚುವುದು ದಯೆಯಲ್ಲ. ಅವನ ಯೌವನವನ್ನು ಕಳವು ಮಾಡಿದಂತೆ. ಆದರೆ ಆ ಮಾತನ್ನು ಹೇಳುವವನು ಬೋಧನೆ, ಪಕ್ಕವಾದ್ಯ, ವಾದ್ಯಗಳ ತಯಾರಿಕೆ, ಶಾಸ್ತ್ರಸಂಶೋಧನೆ ಮುಂತಾದ ಬೇರೆ ದಾರಿಗಳನ್ನೂ ತೋರಿಸಬಲ್ಲವನಾಗಿರಬೇಕು. ದಾರಿಯನ್ನು ಮುಚ್ಚಿ ಹೊರಟುಹೋಗುವ ಸತ್ಯವು ಅರೆಸತ್ಯವೇ ಸರಿ. ಪಾಣಿನೀಯ ಶಿಕ್ಷೆಯಲ್ಲಿ ಅಕ್ಷರಗಳನ್ನು ಉಚ್ಚರಿಸುವ ಬಗೆಗೆ, ಮರಿಯನ್ನು ಹಲ್ಲಿನಿಂದ ಕಚ್ಚಿಕೊಂಡು ಸಾಗಿಸುವ ಹೆಣ್ಣುಹುಲಿಯ ಹೋಲಿಕೆಯುಂಟು. ಅದು ಮರಿಯನ್ನು ಬೀಳಗೊಡುವುದೂ ಇಲ್ಲ, ಗಾಯಗೊಳಿಸುವುದೂ ಇಲ್ಲ. ಅಕ್ಷರಕ್ಕೆ ಹೇಳಿದ ಆ ಎಚ್ಚರವು ಅಕ್ಷರವನ್ನು ಕಲಿಯುವವನಿಗೂ ಸಲ್ಲತಕ್ಕುದು. ಹಿಡಿತವು ಸಡಿಲವಾದರೆ ವಿದ್ಯೆಯು ಜಾರುವುದು, ಬಿಗಿಯಾದರೆ ವಿದ್ಯಾರ್ಥಿಯು ನೋಯುವನು. ಸಂಗೀತವನ್ನು ತನ್ನ ಪಠ್ಯಗಳಲ್ಲಿ ಸೇರಿಸಿಕೊಂಡಿರುವ ವಿಶ್ವವಿದ್ಯಾನಿಲಯವು ಹೊಸ ವರ್ಷದ ವೇಳಾಪಟ್ಟಿಯನ್ನು ಬರೆಯುವಾಗ, ಈ ಹಿಡಿತವನ್ನು ನೋಡಿಕೊಳ್ಳತಕ್ಕವರ ಹೆಸರನ್ನೂ, ಅವರು ದೊರೆಯುವ ಕೋಣೆಯನ್ನೂ, ಆ ಕೋಣೆಯು ನೆಲದಂತಸ್ತಿನಲ್ಲಿರುವಂತೆ ನೋಡಿಕೊಂಡು, ಮೊದಲನೆಯ ಸಾಲಿನಲ್ಲಿಯೇ ಬರೆಯಲಿ.